ಗೆದ್ದವರ ತಟ್ಟೆಗೆ ಮೊದಲ ರೊಟ್ಟಿ

‘ಶಾಲೆ ಬೇಡ ಅಂದವಳು ಅವಳೇ. ನಾವಲ್ಲ.’

ನಮ್ಮ ಮನೆಗೆ ಯಾರೇ ಬರಲಿ, ಕಾಫಿ ಲೋಟ ಕೈಗೆ ಬಂದ ಸ್ವಲ್ಪ ಹೊತ್ತಿಗೆ ಅಪ್ಪ ಈ ಮಾತು ಹೇಳುತ್ತಾರೆ. ಹೇಳಿ ನನ್ನ ಕಡೆ ಕೈ ಮಾಡುತ್ತಾರೆ. ಬಂದವರು, ಅಂಗಡಿಯಲ್ಲಿ ಹೊಸ ಸಾಮಾನು ನೋಡುವ ಹಾಗೆ, ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡುತ್ತಾರೆ.

‘ಅಷ್ಟು ಚಿಕ್ಕ ವಯಸ್ಸಿಗೇ?’

‘ಹೂಂ ಮತ್ತೆ! ಇದೇ ಅಡುಗೆಮನೆಯಲ್ಲಿ ನಿಂತುಕೊಂಡು ವಾದ ಮಾಡಿದಳು. ನಾನು ಶಾಲೆಯ ಪರ, ಅವಳು ವಿರೋಧ. ನನ್ನನ್ನ ಸೋಲಿಸಿಬಿಟ್ಟಳು, ಮಾರಾಯ್ರೆ.’

ಅಲ್ಲಿಂದ ಮುಂದಿನದ್ದು ಬಂದವರೇ ಕಟ್ಟಿಕೊಳ್ಳುತ್ತಾರೆ. ಹಾನುಬಾಳಿನ ಆಚೆಯ ಗುಡ್ಡದಲ್ಲಿ ಒಂದು ಪುಟ್ಟ ಕಾಫಿ ತೋಟ. ಹಾಸನದ ಕಾಲೇಜಿನ ಕೆಲಸ ಬಿಟ್ಟುಬಂದ ಅಪ್ಪ. ಮನೆಯಲ್ಲೇ ಪಾಠ ಹೇಳುವ ಅಮ್ಮ. ಮರ, ಹಕ್ಕಿ, ಹಳ್ಳ ನೋಡುತ್ತಾ ಬೆಳೆದ ಇಬ್ಬರು ಮಕ್ಕಳು. ‘ಪ್ರಕೃತಿಯೇ ನಿಮ್ಮ ಪಾಠಶಾಲೆ ಅನ್ನಿ’ ಎಂದು ಒಬ್ಬರು ಕಣ್ಣು ತುಂಬಿಕೊಂಡು ಹೇಳಿದ್ದರು. ಪ್ರಕೃತಿ ನಮ್ಮ ಮನೆಗೆ ಕಳಿಸುತ್ತಿದ್ದದ್ದು ಹೆಚ್ಚಾಗಿ ಇಂಬಳಗಳನ್ನು. ಅವು ರಕ್ತ ಹೀರುತ್ತಿದ್ದವೇ ಹೊರತು ಏನನ್ನೂ ಕಲಿಸಿದ್ದು ನನಗೆ ನೆನಪಿಲ್ಲ.

ಅಪ್ಪನ ಕಥೆಯಲ್ಲಿ ಸುಳ್ಳಿಲ್ಲ, ಒಪ್ಪುತ್ತೇನೆ. ‘ಶಾಲೆ ಬೇಡ’ ಎಂದದ್ದು ನಾನೇ. ಅವರು ಶಾಲೆಯ ಪರವಾಗಿ ಮಾತಾಡಿದ್ದೂ ನಿಜ, ನಾನು ಗೆದ್ದದ್ದೂ ನಿಜ. ಆದರೆ ಯಾವ ನಿಯಮದ ಕೆಳಗೆ ಆ ಮಾತು ಬಂತು ಎನ್ನುವುದನ್ನು ಅವರು ಒಮ್ಮೆಯೂ ಹೇಳುವುದಿಲ್ಲ. ಅದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದರೆ ಕಥೆ ತಲೆಕೆಳಗಾಗಿ ನಿಲ್ಲುತ್ತದೆ. ಹಾಗೇ ನಿಂತಿದೆ, ಇಷ್ಟು ವರ್ಷ.

ಆ ನಿಯಮಕ್ಕೆ ಅಪ್ಪ ಇಟ್ಟಿದ್ದ ಹೆಸರು ‘ಎದುರುಪಕ್ಷ’. ನಮ್ಮ ಮನೆಯಲ್ಲಿ ಯಾರಿಗೆ ಏನು ಬೇಕೋ, ಅದು ಯಾಕೆ ಬೇಡ ಎಂದು ಅವರೇ ವಾದ ಮಾಡಬೇಕು. ಆಗ ಅಪ್ಪ ಅದು ಯಾಕೆ ಬೇಕು ಎಂದು ವಾದಿಸುತ್ತಾರೆ. ‘ಬೇಕು ಬೇಕು ಅಂತ ಕೋತಿಯೂ ಕೂಗುತ್ತೆ. ಬೇಡ ಅನ್ನೋದಕ್ಕೆ ಕಾರಣ ಹುಡುಕೋನು ಮನುಷ್ಯ’ ಎನ್ನುವುದು ಅವರ ಸಿದ್ಧಾಂತ. ನಡೆಯುತ್ತಿದ್ದದ್ದು ಭಾನುವಾರ ಬೆಳಿಗ್ಗೆ, ತಿಂಡಿಯ ಹೊತ್ತಿಗೆ. ಒಲೆಯ ಕಡೆ ತಿರುಗಿ, ನಮಗೆ ಬೆನ್ನು ಮಾಡಿಕೊಂಡು ಅಕ್ಕಿ ರೊಟ್ಟಿ ತಟ್ಟುತ್ತಿದ್ದ ಅಮ್ಮನೇ ತೀರ್ಪುಗಾರಳು. ಯಾರ ವಾದ ಗಟ್ಟಿ ಎಂದು ಅವಳು ಬಾಯಲ್ಲಿ ಹೇಳುತ್ತಿರಲಿಲ್ಲ. ಕಾವಲಿಯಿಂದ ಇಳಿದ ಮೊದಲ ರೊಟ್ಟಿ ಯಾರ ತಟ್ಟೆಗೆ ಬಿತ್ತೋ ಅವರು ಗೆದ್ದ ಹಾಗೆ. ಅದರ ಮೇಲೆ ಮಾತಿಲ್ಲ, ಮೇಲ್ಮನವಿ ಇಲ್ಲ.

ಈಗ ಲೆಕ್ಕ ಹಾಕಿ. ಬೇಕಾದ್ದು ಸಿಗಬೇಕೆಂದರೆ ಸೋಲಬೇಕು. ಇದು ನನಗಿಂತ ಎರಡು ವರ್ಷ ಚಿಕ್ಕವನಾದ ತಮ್ಮನಿಗೆ ತೊಟ್ಟಿಲಲ್ಲೇ ಅರ್ಥವಾದ ಹಾಗಿತ್ತು. ‘ನಾಯಿ ಬೇಡ. ಯಾಕಂದ್ರೆ ಅದು ಬೊಗಳ್ತದೆ. ಮನೇಲಿ ಈಗಾಗ್ಲೇ ಅಕ್ಕ ಅವಳೆ’ ಎಂದು ಹೇಳಿ ಕೂತುಬಿಟ್ಟ. ನಾಯಿ ಬಂತು. ‘ಸೈಕಲ್ ಬೇಡ, ಬಿದ್ರೆ ನೋಯ್ತದೆ’ ಎಂದ. ಹಳೆಯದೇ ಆದರೂ ಸೈಕಲ್ ಬಂತು. ನನಗೆ ಮಾತ್ರ ಕೆಟ್ಟದಾಗಿ ವಾದ ಮಾಡಲು ಬರುತ್ತಿರಲಿಲ್ಲ. ಎದ್ದು ನಿಂತೆನೆಂದರೆ ನಾಲಿಗೆಗೆ ಜ್ವರ ಬಂದ ಹಾಗಾಗುತ್ತಿತ್ತು. ಬಣ್ಣದ ಪೆನ್ಸಿಲು, ಹಾಸನದ ಪ್ರವಾಸ, ಕೂದಲು ಗಿಡ್ಡ ಮಾಡಿಸುವುದು ಎಲ್ಲವನ್ನೂ ನಾನು ಅದ್ಭುತವಾಗಿ ವಾದಿಸಿ ಕಳೆದುಕೊಂಡಿದ್ದೇನೆ. ಮೊದಲ ರೊಟ್ಟಿ ಮಾತ್ರ ತಪ್ಪದೆ ನನ್ನದು.

ಇನ್ನು ಜೂನ್ ತಿಂಗಳ ಮಾತು.

ಶಾಲೆಗೆ ಹೋಗದ ಮಕ್ಕಳಿಗೆ ಶಾಲೆ ಶುರುವಾಗುವ ಕಾಲ ಗೊತ್ತಾಗುವುದಿಲ್ಲ ಎಂದು ಯಾರಾದರೂ ಅಂದುಕೊಂಡಿದ್ದರೆ ಅದು ತಪ್ಪು. ನಮ್ಮಷ್ಟು ಚೆನ್ನಾಗಿ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೇ ತಿಂಗಳ ಕೊನೆಗೆ ಗಾಳಿ ತಿರುಗುತ್ತಿತ್ತು. ಮಳೆಗೆ ಮುಂಚೆ ತೋಟದ ನೆರಳುಮರಗಳ ರೆಂಬೆ ಕಡಿಸುವ ಮರಗಸಿ ಕೆಲಸ ಅಪ್ಪನದು. ಅಮ್ಮ ನಡುಮನೆಯ ಕರಿಹಲಗೆಯನ್ನು ಅಂಗಳಕ್ಕೆ ಹೊತ್ತು ತಂದು, ತೊಂಡೆ ಸೊಪ್ಪಿನ ರಸಕ್ಕೆ ಇದ್ದಿಲು ಅರೆದು ಬಳಿಯುತ್ತಿದ್ದಳು. ಮೊಣಕೈವರೆಗೆ ಕಪ್ಪು. ಒಂದು ಸಲ ಬಳಿದು ಒಣಗಿಸಿ, ಮತ್ತೆ ಬಳಿದು, ಬಿಸಿಲಿಗೆ ಓರೆಯಾಗಿ ನಿಲ್ಲಿಸಿ ದೂರದಿಂದ ನೋಡುತ್ತಿದ್ದಳು. ಮದುವೆಗೆ ಮುಂಚೆ ಅವಳು ಟಿ.ಸಿ.ಎಚ್. ಮುಗಿಸಿ ಪಾಳ್ಯದ ಕಡೆಯ ಒಂದು ಶಾಲೆಯಲ್ಲಿ ಸ್ವಲ್ಪ ಕಾಲ ಪಾಠ ಹೇಳಿದ್ದಳು. ಆ ಶಾಲೆಯ ಬಗ್ಗೆ ಅವಳು ಮಾತಾಡುತ್ತಿರಲಿಲ್ಲ. ಹಲಗೆಗೆ ಕಪ್ಪು ಬಳಿಯುವಾಗ ಮಾತ್ರ ಸಣ್ಣಗೆ ಏನನ್ನೋ ಗುನುಗುತ್ತಿದ್ದಳು.

ಎಲ್ಲ ಮಕ್ಕಳಿಗೂ ಸಂತೆಯಿಂದ ಹೊಸ ಕೊಡೆ ಬರುವ ಕಾಲ ಅದು. ನಮಗೂ ಬರುತ್ತಿತ್ತು.

‘ಎಲ್ಲಿಗೆ ಹೋಗಾಕೆ?’ ತಮ್ಮ ಕೇಳುತ್ತಿದ್ದ. ‘ಬಚ್ಚಲಿಗಾ?’

ಶಾಲೆ ತೆರೆಯುವ ದಿನ ನಾನು ರಸ್ತೆಯ ತಿರುವಿನಲ್ಲಿ ಹೋಗಿ ನಿಲ್ಲುತ್ತಿದ್ದೆ. ಯಾಕೆ ಎಂದು ಕೇಳಿದರೆ ನಾಯಿ ಹುಡುಕುತ್ತಿದ್ದೇನೆ ಎನ್ನುತ್ತಿದ್ದೆ. ಹಾನುಬಾಳಿಗೆ ಹೋಗುವ ಬಾಡಿಗೆ ಜೀಪು ಅಲ್ಲಿ ನಿಲ್ಲುತ್ತಿತ್ತು. ಒಳಗೆ ತುಂಬಿ, ಹಿಂದೆ ಜೋತುಬಿದ್ದು, ನೀಲಿ ಬಿಳಿ ಬಟ್ಟೆಯ ಮಕ್ಕಳು. ಎಣ್ಣೆ ಹಚ್ಚಿ ಬಾಚಿದ ತಲೆಗಳ ವಾಸನೆ ಡೀಸೆಲ್ ವಾಸನೆಯ ಜೊತೆ ಬೆರೆತು ಬರುತ್ತಿತ್ತು. ಡ್ರೈವರು ಪ್ರತಿವರ್ಷವೂ ತಲೆ ಹೊರಗೆ ಹಾಕಿ ಅದೇ ಮಾತು ಹೇಳುತ್ತಿದ್ದ.

‘ಏನವ್ವ, ನಿಂಗೆ ಇವತ್ತೂ ರಜವಾ? ಪುಣ್ಯ ಮಾಡಿದ್ದೆ ಬುಡು!’

ಜೀಪು ಹೋದ ಮೇಲೆ ಧೂಳು ಕೂರುವ ತನಕ ನಿಂತಿದ್ದು ಮನೆಗೆ ಬಂದರೆ ಏನು ಮಾಡಲೂ ಮನಸ್ಸಿಲ್ಲ. ಕೂತರೆ ಎದ್ದೇಳಬೇಕು, ಎದ್ದರೆ ಎಲ್ಲಿಗಾದರೂ ಹೋಗಬೇಕು. ಹೋಗಲು ಎಲ್ಲವೂ ಇತ್ತು: ತೋಟ, ಹಳ್ಳ, ಗುಡ್ಡ. ಯಾರೂ ಎಲ್ಲಿಗೂ ಹೋಗಬೇಡ ಎನ್ನುತ್ತಿರಲಿಲ್ಲ. ಅದೇ ತಲೆನೋವು. ಬೇಡ ಎಂದು ಒಬ್ಬರಾದರೂ ಹೇಳಿದ್ದರೆ ತಪ್ಪಿಸಿಕೊಂಡು ಹೋದ ಸುಖವಾದರೂ ಸಿಗುತ್ತಿತ್ತು.

ನಾನು ಆರನೆಯ ತರಗತಿಯ ಪುಸ್ತಕಗಳನ್ನು ಮುಗಿಸಿದ ವರ್ಷ, ಹಾನುಬಾಳಿನ ಅಂಗಡಿಯೊಂದರಲ್ಲಿ ಅಪ್ಪನಿಗೂ ನನಗೂ ಹತ್ತಿರದ ಒಂದು ಶಾಲೆಯ ಹೆಡ್‌ಮಾಸ್ಟರು ಸಿಕ್ಕಿದ್ದರು. ನನ್ನ ಕೈಲಿದ್ದ ಪೇಪರನ್ನು ಓದಿಸಿ ನೋಡಿ, ‘ಈ ಜೂನ್‌ಗೆ ಕರ್ಕೊಂಡು ಬನ್ನಿ, ಏಳನೇ ಕ್ಲಾಸಿಗೆ ಕೂರಿಸ್ಕೊತೀನಿ. ಇದು ಬಿಟ್ಟು ಮುಂದಿನ ವರ್ಷ ಅಂದ್ರೆ ಆಗಲ್ಲ. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಪಾಸಾಗದೆ ಹೈಸ್ಕೂಲಿನವರು ಸೇರಿಸಿಕೊಳ್ಳಲ್ಲ’ ಎಂದಿದ್ದರು. ಅಪ್ಪ ‘ನೋಡೋಣ’ ಎಂದರು. ದಾರಿಯುದ್ದಕ್ಕೂ ಬೇರೆ ಏನೇನೋ ಮಾತಾಡಿದರು. ಮನೆ ಹತ್ತಿರ ಬಂದಾಗ ನಾನೇ ಹೇಳಿದೆ.

‘ನನಗೆ ಶಾಲೆಗೆ ಹೋಗಬೇಕು.’

ಅವರು ನಿಂತರು. ಮುಖದಲ್ಲಿ ಸಿಟ್ಟಿರಲಿಲ್ಲ. ಆಟಕ್ಕೆ ಕರೆದ ಹಾಗೆ ಖುಷಿಯಾಗಿದ್ದರು. ‘ಭಾನುವಾರ ಎದುರುಪಕ್ಷ’ ಎಂದರು.

ಅಂದರೆ ಒಂದು ಭಾನುವಾರ ನಾನು ಸೋತರೆ ಆಯಿತು. ಅಷ್ಟೇ. ಈ ಒಂದು ಸಲ ಸೋಲುವುದಕ್ಕೆ ನಾನು ತಯಾರಿ ನಡೆಸಿದೆ. ತಯಾರಿಗೆ ಗುರು ತಮ್ಮ. ಅವನು ಕೊಟ್ಟಿಗೆಯ ಗೋಡೆಗೆ ಒರಗಿ ಕೂತು ನನ್ನನ್ನು ತಿದ್ದುತ್ತಿದ್ದ.

‘ಶಾಲೆ ಬೇಡ. ಯಾಕೆಂದರೆ ಅದು ದೂರ’ ಎಂದೆ.

‘ಚೆನ್ನಾಗೈತೆ. ಅಷ್ಟಕ್ಕೇ ನಿಲ್ಸು.’

‘ಯಾಕೆಂದರೆ ದೂರ ಹೋಗಿ ಬರುವ ಹೊತ್ತಿನಲ್ಲಿ ಒಂದು ಪಾಠ...’

‘ನಿಲ್ಸು ಅಂದ್ನಲ್ಲ! ನೀನು ಎರಡ್ನೇ ವಾಕ್ಯಕ್ಕೆ ಹೋಗ್ಬೇಡ ಕಣೇ. ಎರಡ್ನೇ ವಾಕ್ಯಕ್ಕೆ ಹೋದ್ರೆ ನೀನು ಗೆದ್ದುಬುಡ್ತೀಯ.’

ಶನಿವಾರ ಸಂಜೆ ಆಚೆಮನೆಗೆ ಹೋದೆ. ಅಲ್ಲಿನ ಹೆಂಗಸನ್ನು ನಾವು ದೊಡ್ಡಮ್ಮ ಎನ್ನುತ್ತಿದ್ದೆವು. ಅವರ ಮಗಳು ನನ್ನ ವಯಸ್ಸಿನವಳು. ಅವಳೂ ಆ ಜೂನ್‌ಗೆ ಏಳನೆಯ ಕ್ಲಾಸು. ಅವಳ ಹೊಸ ನೀಲಿ ಲಂಗವನ್ನು ನನ್ನ ಬಟ್ಟೆಯ ಮೇಲೇ ಹಾಕಿಕೊಂಡು ಮನೆಗೆ ಓಡಿ ಬಂದೆ, ಕನ್ನಡಿ ನಮ್ಮಲ್ಲೇ ದೊಡ್ಡದು ಎಂದು. ಕನ್ನಡಿಯಲ್ಲಿ ನನ್ನ ಹಿಂದೆ ಅಮ್ಮ ಕಂಡಳು. ಬೈಯುತ್ತಾಳೆಂದುಕೊಂಡೆ. ಅವಳು ಕೆಳಗೆ ಕೂತು, ಸೆರಗಿನ ಪಿನ್ನು ತೆಗೆದು, ಲಂಗದ ಅಂಚನ್ನು ಒಳಗೆ ಮಡಿಚಿ ಚುಚ್ಚಿದಳು.

‘ಉದ್ದ ಆಯ್ತು. ಇಷ್ಟಿರಬೇಕು’ ಎಂದಳು. ‘ತಿರುಗು ನೋಡೋಣ.’

ತಿರುಗಿದೆ. ಅಷ್ಟರಲ್ಲಿ ಲಂಗ ಹುಡುಕಿಕೊಂಡು ದೊಡ್ಡಮ್ಮ ಬಂದರು.

‘ಅಲ್ಲ ಕಣವ್ವ, ನೀನೇ ಟೀಚರ್ ಓದ್ದೋಳು. ನಿನ್ ಮಕ್ಳನ್ನ ಮಾತ್ರ ಕೋಳಿಮರಿ ಹಂಗೆ ಮಂಕ್ರಿ ಕವುಚಿ ಇಟ್ಕಂಡಿದ್ದೀಯಲ್ಲ’ ಎಂದರು ಅಮ್ಮನಿಗೆ. ‘ಹುಡ್ಗಿಗೆ ಎಷ್ಟು ಚೆಂದ ಕಾಣ್ತೈತೆ ನೋಡು. ಕಳ್ಸು, ಇಬ್ರೂ ಜೊತೇಲಿ ಹೋಯ್ತಾರೆ.’

‘ಭಾನುವಾರ ತೀರ್ಮಾನ ಆಗುತ್ತೆ, ಅಕ್ಕ’ ಎಂದಳು ಅಮ್ಮ.

‘ಏನು ಪಂಚಾಯ್ತಿಯೋ ನಿಮ್ದು! ಕಳ್ಸಾಕೂ ಒಂದು ನ್ಯಾಯ ಸೇರ್ಬೇಕಾ?’

ಈ ಲಂಗದ ಪ್ರಸಂಗವನ್ನು ನಾನು ಸಾಕ್ಷಿಯಾಗಿ ಎತ್ತಿಡುತ್ತೇನೆ. ನನಗೆ ಏನು ಬೇಕಿತ್ತು ಎಂದು ಅಮ್ಮನಿಗೆ ಗೊತ್ತಿರಲಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಭಾನುವಾರ ಬಂತು. ಅಪ್ಪ ಮಣೆಯ ಮೇಲೆ ಕೂತರು. ತಮ್ಮ ನನ್ನ ಕಾಲಿನ ಹತ್ತಿರವೇ ಕೂತ, ಎರಡನೆಯ ವಾಕ್ಯಕ್ಕೆ ಹೋದರೆ ಚಿವುಟಲು. ಅಮ್ಮ ಒಲೆಯ ಮುಂದೆ. ನಾನು ಎದ್ದು ‘ಶಾಲೆ ಬೇಡ, ಯಾಕೆಂದರೆ ಅದು ದೂರ’ ಎಂದು ಹೇಳಿ ಕೂತುಬಿಟ್ಟೆ. ತಮ್ಮ ನನ್ನ ಪಾದ ತಟ್ಟಿದ, ಶಭಾಷ್ ಎನ್ನುವ ಹಾಗೆ. ಅಮ್ಮನ ಕೈ ಹಿಟ್ಟು ತಟ್ಟುತ್ತಲೇ ಇತ್ತು. ಮುಗಿದೇಹೋಗಿತ್ತು. ಅಪ್ಪ ನಾಲ್ಕು ಮಾತಾಡಿದ್ದರೆ ಸಾಕು, ರೊಟ್ಟಿ ಅವರ ತಟ್ಟೆಗೆ, ನಾನು ಜೀಪಿಗೆ.

ಅಪ್ಪ ಗಂಟಲು ಸರಿಮಾಡಿಕೊಂಡರು.

‘ನಾನು ಶಾಲೆಯ ಪರ. ದೂರ ಒಂದು ಕಾರಣವೇ ಅಲ್ಲ, ಅದನ್ನ ಬಿಡಿ. ಶಾಲೆ ಯಾಕೆ ಬೇಕು? ಸಾಲಲ್ಲಿ ಕೂರೋದು ಕಲಿಯೋಕೆ. ಕೇಳಿದಾಗ ಮಾತ್ರ ಬಾಯಿ ಬಿಡೋದು ಕಲಿಯೋಕೆ. ಮುಖ್ಯವಾಗಿ ಈ ಹುಡುಗಿಗೆ ಅದು ಬೇಕು. ಇವಳದ್ದು ಬಾಯಿ ಜಾಸ್ತಿ. ಹೆಣ್ಣುಮಗಳು, ನಾಳೆ ಇನ್ನೊಬ್ಬರ ಮನೆಯಲ್ಲಿ ಬಾಳಬೇಕಾದವಳು. ಶಾಲೆಯಲ್ಲಿ ನಾಲ್ಕು ಏಟು ಬಿದ್ದರೆ ತಗ್ಗುತ್ತಾಳೆ. ಮನೆಯಲ್ಲಿ ಇವಳಮ್ಮ ಹೇಳಿಕೊಡೋದು ಒಂದು ಕಲಿಕೆಯೇ ಅಲ್ಲ, ಹೊತ್ತು ಕಳೆಯೋ ಆಟ. ನಿಜವಾದ ಟೀಚರ್ ಕೈಗೆ ಸಿಕ್ಕಬೇಕು.’

ಇದನ್ನು ಅವರು ನಂಬುತ್ತಿದ್ದರಾ? ಇಲ್ಲ. ಇದರಲ್ಲಿ ಒಂದು ಅಕ್ಷರವನ್ನೂ ಅವರು ನಂಬುತ್ತಿರಲಿಲ್ಲ. ನಂಬದ್ದನ್ನು ಹೇಳುವುದೇ ಆಟದ ನಿಯಮವಾಗಿತ್ತು. ಆದರೆ ಶಾಲೆಯ ಪರವಾಗಿ ಹೇಳಲು ಲೋಕದಲ್ಲಿ ಎಷ್ಟೋ ಒಳ್ಳೆಯ ಮಾತುಗಳಿದ್ದವು. ಗೆಳತಿಯರು, ಆಟದ ಬಯಲು, ಹೊಸ ಮೇಷ್ಟ್ರು. ಕಾಲೇಜಿನಲ್ಲಿ ಪಾಠ ಹೇಳಿದ್ದ ಮನುಷ್ಯನಿಗೆ ಅವು ಒಂದೂ ಹೊಳೆಯಲಿಲ್ಲವಾ? ಹುಡುಕಿ ಹುಡುಕಿ ನನ್ನನ್ನು ಎಬ್ಬಿಸುವ ಮಾತುಗಳನ್ನೇ ಯಾಕೆ ಆರಿಸಿದರು? ಅಪ್ಪನ ಹತ್ತಿರ ಇದನ್ನು ಎಷ್ಟೋ ಸಲ ಕೇಳಿದ್ದೇನೆ. ‘ನಾನು ಪ್ರಾಮಾಣಿಕವಾಗಿ ವಾದ ಮಾಡಿದೆ. ನಿನಗೆ ತಡೆದುಕೊಳ್ಳೋಕೆ ಆಗಲಿಲ್ಲ, ಅದಕ್ಕೆ ನಾನೇನು ಮಾಡ್ಲಿ?’ ಎನ್ನುತ್ತಾರೆ. ಅವರ ಮಾತಿನ ಎರಡನೆಯ ಅರ್ಧ ಸರಿ.

ತಮ್ಮ ಚಿವುಟಿದ. ಉಗುರು ಊರುವಷ್ಟು ಚಿವುಟಿದ. ನಾನು ಎದ್ದಾಗಿತ್ತು.

‘ಸಾಲಾಗಿ ನೆಡೋಕೆ ನಾನೇನು ಕಾಫಿ ಗಿಡವಾ?’ ಅಲ್ಲಿಂದ ಶುರು. ಏಟಿನಿಂದ ಬಾಯಿ ತಗ್ಗುವುದಿಲ್ಲ, ಸುಳ್ಳು ಹೇಳಲು ಕಲಿಯುತ್ತದೆ ಎಂದೆ. ಒಂದು ಕೋಣೆಯಲ್ಲಿ ಅಷ್ಟೊಂದು ಮಕ್ಕಳನ್ನು ತುಂಬಿ ಒಬ್ಬ ಮೇಷ್ಟ್ರು ನಿಂತರೆ ಅದು ಪಾಠ ಅಲ್ಲ, ಕಾವಲು ಎಂದೆ. ಮಾತು ನನ್ನನ್ನು ಎಳೆದುಕೊಂಡು ಹೋಗುತ್ತಿತ್ತು. ಕೊನೆಗೆ ಒಲೆಯ ಕಡೆ ಕೈ ಚಾಚಿ ಹೇಳಿದ್ದು, ನನಗೆ ಈಗಲೂ ಬಾಯಿಪಾಠವಾಗಿರುವುದು, ಇದು:

‘ಆ ಶಾಲೆಯ ಮೇಷ್ಟ್ರಿಗೆ ನನ್ನ ಹೆಸರು ಗೊತ್ತಾಗೋಕೆ ದಸರಾ ರಜೆ ಬರಬೇಕು. ನಾನು ಯಾವ ಲೆಕ್ಕದಲ್ಲಿ ಎಲ್ಲಿ ತಪ್ಪುತ್ತೀನಿ ಅಂತ, ನಾನು ತಪ್ಪೋಕೆ ಮೊದಲೇ ಅಮ್ಮನಿಗೆ ಗೊತ್ತು. ಆಟ ಅಂತೆ! ಅಮ್ಮನಿಗಿಂತ ಒಳ್ಳೆ ಟೀಚರ್ ಆ ಶಾಲೆಯಲ್ಲಿ ಯಾರಿದ್ದಾರೆ? ಒಬ್ಬರ ಹೆಸರು ಹೇಳಿ!’

ಅಡುಗೆಮನೆಯಲ್ಲಿ ಹಿಟ್ಟು ತಟ್ಟುವ ಸದ್ದು ನಿಂತಿತ್ತು. ಅಮ್ಮನ ಬೆನ್ನು ಅಲ್ಲಾಡಲಿಲ್ಲ. ಕಾವಲಿಯ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂತು. ಅಮ್ಮನ ಕೈಲಿ ರೊಟ್ಟಿ ಸೀದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಆಮೇಲೆ ಅವಳು ತಿರುಗಿದಳು. ಅಂಚು ಕಪ್ಪಾದ ಆ ಮೊದಲ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದಳು. ನನ್ನ ಮುಖ ನೋಡಲಿಲ್ಲ. ಬೆಣ್ಣೆಯ ಬಟ್ಟಲನ್ನೂ ನನ್ನ ಕಡೆಗೇ ತಳ್ಳಿದಳು.

ಗೆದ್ದಿದ್ದೆ! ಎರಡು ತುತ್ತು ತಿನ್ನುವವರೆಗೆ ನನಗೆ ಅದೊಂದೇ ಗೊತ್ತು. ಚಟ್ನಿಗೆ ಕೈ ಚಾಚಿದಾಗ ತಮ್ಮನ ಮುಖ ಕಂಡಿತು. ಅವನು ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದ.

‘ಎಲ್ಲಾ ಹಾಳ್ ಮಾಡ್ಬುಟ್ಟೆ ಕಣೇ’ ಎಂದ.

ಆ ವರ್ಷ ಶಾಲೆ ತೆರೆದ ದಿನ ನಾನು ತಿರುವಿಗೆ ಹೋಗಲಿಲ್ಲ. ಜೀಪಿನ ಹಾರನ್ನು ಮನೆಯವರೆಗೂ ಕೇಳಿಸುತ್ತಿತ್ತು. ಅಮ್ಮ ಹೊಸದಾಗಿ ಕಪ್ಪು ಬಳಿದ ಹಲಗೆಯ ಮೇಲೆ ಏಳನೆಯ ತರಗತಿ ಎಂದು ದುಂಡಗೆ ಬರೆದಳು. ಅವಳ ಅಕ್ಷರ ಅಷ್ಟು ಚೆನ್ನಾಗಿದ್ದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಆ ವರ್ಷವಿಡೀ ಅವಳು ಹಾಗೇ ಪಾಠ ಹೇಳಿದಳು, ಇಬ್ಬರು ಮಕ್ಕಳ ಮುಂದೆ ಅಲ್ಲ, ತುಂಬಿದ ಶಾಲೆಯ ಮುಂದೆ ನಿಂತ ಹಾಗೆ. ನಾನು ಕಿಟಕಿ ನೋಡುತ್ತಿದ್ದೆ. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ; ಅಮ್ಮ ಹಲಗೆಯ ಕಡೆ ತಿರುಗಿಕೊಂಡೇ ‘ಕಾಲು’ ಎನ್ನುತ್ತಿದ್ದಳು. ಲೆಕ್ಕದಲ್ಲಿ ಎಲ್ಲಿ ತಪ್ಪುತ್ತೇನೆಂದು ಅವಳಿಗೆ ನಿಜವಾಗಿಯೂ ಮೊದಲೇ ಗೊತ್ತಾಗುತ್ತಿತ್ತು. ನನಗೆ ಅದು ಇನ್ನಷ್ಟು ಸಿಟ್ಟು ತರಿಸುತ್ತಿತ್ತು.

ಎರಡು ವರ್ಷ ಕಳೆದು ತಮ್ಮನ ಸರದಿ ಬಂತು. ಅವನು ಎದ್ದು ನಿಂತು, ‘ಶಾಲೆ ಬೇಡ. ಅಲ್ಲಿ ಬೆಂಚು ಗಟ್ಟಿ’ ಎಂದು ಹೇಳಿ ಕೂತ. ಅಪ್ಪ ಏನೇನೋ ಕೆಣಕಿದರು. ಅವನು ತಟ್ಟೆ ಬಡಿಯುತ್ತಾ ಹಾಡು ಹೇಳಿಕೊಂಡ. ಮೊದಲ ರೊಟ್ಟಿ ಅಪ್ಪನ ತಟ್ಟೆಗೆ ಬಿತ್ತು. ಆ ಜೂನ್‌ನಲ್ಲಿ ಅವನು ಜೀಪಿನ ಹಿಂದೆ ಜೋತುಬಿದ್ದು ನನಗೆ ಕೈ ಬೀಸಿದ. ನಡುಮನೆಯ ಹಲಗೆಯ ಮುಂದೆ ಉಳಿದವಳು ನಾನೊಬ್ಬಳೇ.

ಎಸ್ಸೆಸ್ಸೆಲ್ಸಿಯನ್ನು ಖಾಸಗಿಯಾಗಿ ಕಟ್ಟಿ ಪಾಸಾದೆ. ಪಿಯುಸಿಗೆ ಸಕಲೇಶಪುರದಲ್ಲಿ ಮೊದಲ ಸಲ ಒಂದು ಬೆಂಚಿನ ಮೇಲೆ ಕೂತೆ. ಹಾಜರಿ ಕೂಗಿದಾಗ ಏನು ಹೇಳಬೇಕೆಂದು ಗೊತ್ತಾಗದೆ ‘ಹೂಂ’ ಎಂದೆ. ಇಡೀ ಕ್ಲಾಸು ನಕ್ಕಿತು. ಬೆಂಚು ಗಟ್ಟಿಯಾಗಿಯೇ ಇತ್ತು, ತಮ್ಮ ಹೇಳಿದ್ದು ಸರಿ. ಆಮೇಲೆ ಚರ್ಚಾಸ್ಪರ್ಧೆಗಳು, ಅಲ್ಲಿ ಸಿಕ್ಕ ಕಪ್ಪುಗಳು. ಪರ ಬೇಕಾ ವಿರೋಧ ಬೇಕಾ ಎಂದು ಕೇಳಿದರೆ ಯಾವುದಾದರೂ ಸರಿ ಎನ್ನುತ್ತಿದ್ದೆ. ಅಪ್ಪ ಆ ಕಪ್ಪುಗಳನ್ನು ತೋರಿಸಿಯೂ ಅದೇ ಕಥೆ ಹೇಳುತ್ತಾರೆ.

ಇಷ್ಟು ವರ್ಷ ನಾನು ಅಪ್ಪನ ಜೊತೆ ಜಗಳವಾಡಿದ್ದೇನೆ. ಅದು ಸುಲಭ. ಅವರು ಎದುರಿಗೆ ನಿಂತು ಮಾತಿಗೆ ಮಾತು ಕೊಡುತ್ತಾರೆ. ಕೆಣಕಿದ್ದು ಅವರು, ಕೆರಳಿದ್ದು ನಾನು. ಆದರೆ ರೊಟ್ಟಿ ಹಾಕಿದ ಕೈ ಅವರದ್ದೂ ಅಲ್ಲ, ನನ್ನದೂ ಅಲ್ಲ. ಹಿಂದಿನ ಸಂಜೆ ಲಂಗದ ಅಂಚು ಮಡಿಚಿದ ಕೈ ಅದು. ನಿಯಮ ಅಂದರೆ ನಿಯಮ, ಗೆದ್ದವರಿಗೆ ಕೊಟ್ಟಳು ಎನ್ನಬಹುದು. ಹಾಗಾದರೆ ರೊಟ್ಟಿ ಸೀದದ್ದು ಯಾಕೆ? ಮಗಳು ದೂರ ಹೋಗುತ್ತಾಳೆಂಬ ಭಯ ಎನ್ನಬಹುದು. ತಮ್ಮನನ್ನು ಕಳಿಸಿದಳಲ್ಲ. ಆಗ ನಾನು ಮನೆಯಲ್ಲಿದ್ದೆ, ಅದಕ್ಕೆ ಎನ್ನಬಹುದು. ಒಂದೊಂದನ್ನೂ ಎತ್ತಿ ನಿಲ್ಲಿಸುತ್ತೇನೆ, ನಾನೇ ಬೀಳಿಸುತ್ತೇನೆ.

ಈಗ ಮತ್ತೆ ಮೇ ಕೊನೆ. ಊರಿಗೆ ಬಂದಿದ್ದೇನೆ. ಆಚೆಮನೆಯ ಗೆಳತಿಯ ಮಗ ಈ ಜೂನ್‌ಗೆ ಒಂದನೆಯ ಕ್ಲಾಸು. ಅವನ ಪುಸ್ತಕಗಳಿಗೆ ಬೈಂಡು ಹಾಕಿಕೊಡಲು ದೊಡ್ಡಮ್ಮ ತಂದು ಜಗಲಿಯ ಮೇಲೆ ಇಟ್ಟು ಹೋದರು.

‘ನಿನ್ ಥರ ಮೂಲೆ ಮಡ್ಸಾಕೆ ಯಾರಿಗೂ ಬರಾಕಿಲ್ಲ ಕಣವ್ವ’ ಎಂದರು ಹೋಗುವಾಗ.

ಅಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು ಖಾಕಿ ಕಾಗದವನ್ನು ಉಗುರಿನಿಂದ ಗೀರಿ ಮಡಿಸುತ್ತಿದ್ದಳು. ಒಳಗೆ ಯಾರೋ ಬಂದಿದ್ದರು. ಅಪ್ಪನ ದನಿ ಕೇಳಿಸಿತು: ‘ಶಾಲೆ ಬೇಡ ಅಂದವಳು ಅವಳೇ...’ ಅಮ್ಮನ ಕೈ ಒಂದು ಗಳಿಗೆ ನಿಂತಿತು. ಒಲೆಯ ಮುಂದೆ ನಿಂತ ಹಾಗೆಯೇ. ನಾನು ಅವಳ ಎದುರಿಗೆ, ಅವಳು ಬೆನ್ನು ತಿರುಗಿಸಲಾಗದ ಕಡೆ, ಹೋಗಿ ಕೂತೆ.

‘ಅಮ್ಮ, ನಿನಗಿಂತ ಒಳ್ಳೆ ಟೀಚರ್ ಇಲ್ಲ ಅಂತ ಅವತ್ತು ನಾನು ಹೇಳಿದ್ನಲ್ಲ, ಅದನ್ನ ನೀನು ನಂಬಿಬಿಟ್ಟೆಯಾ?’